ಕಾರ್ವಯಾಕುವಿನ ಗಣಿಕಸ ಯಾರದು?

ನಮ್ಮ ಕಾರ್ವಯಾಕು ಊರಿನ ಮೇಲೆ, ಆಂಡಿಸ್‌ನ ಹಿಮದ ಬೆಟ್ಟದ ಬುಡದಲ್ಲಿ, ಹಳೆಯ ಗಣಿಯೊಂದು ಬಾಯಿ ತೆರೆದುಕೊಂಡು ಬಿದ್ದಿತ್ತು. ಕಂಪನಿಯವರು ಬೆಳ್ಳಿ, ಸೀಸ ಬಗೆದುಕೊಂಡು ಮೂವತ್ತು ವರ್ಷದ ಹಿಂದೆಯೇ ಹೊರಟುಹೋಗಿದ್ದರು. ಹೋಗುವಾಗ ಸುರಂಗದ ಬಾಯಿ ಮುಚ್ಚುವಷ್ಟು ಮರ್ಯಾದೆಯನ್ನೂ ತೋರಿಸಲಿಲ್ಲ. ಅದಿರು ತೆಗೆದು ಉಳಿದ ಕಸದ ಮಣ್ಣನ್ನೂ ಅಲ್ಲೇ ಗುಡ್ಡೆ ಹಾಕಿ ಬಿಟ್ಟರು. ಅಲ್ಲಿಂದ ಸೋರಿದ ಕೆಂಪು ನೀರು ನೇರ ನಮ್ಮ ಹಳ್ಳಕ್ಕೆ ಬರುತ್ತಿತ್ತು. ಕಲ್ಲಿಗೆಲ್ಲ ತುಕ್ಕಿನ ಬಣ್ಣ. ಮೀನು ಕಂಡು ಎಷ್ಟೋ ಕಾಲವಾಗಿತ್ತು.

ನನ್ನ ಪಕ್ಕದ ಮನೆ ಇಲಾರಿಯಾಳದು. ಆ ವರ್ಷ ಅವಳ ಮೂರು ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ನಾಲ್ಕು ವರ್ಷದ ಮೊಮ್ಮಗಳು ಯೆನಿಗೆ ಸದಾ ಹೊಟ್ಟೆನೋವು. ಕಲಿತ ಮಾತನ್ನೂ ಮರೆಯತೊಡಗಿದಳು.

“ಯಾರದೋ ಕಣ್ಣು ಬಿದ್ದಿದೆ. ಮೊಟ್ಟೆ ನಿವಾಳಿಸಿ ಬಿಸಾಕು, ಸರಿಹೋಗ್ತಾಳೆ,” ಎಂದ ಅವಳ ಗಂಡ ಮೆಲ್ಚೋರ್.

ಮೊಟ್ಟೆ ನಿವಾಳಿಸಿದ್ದೂ ಆಯಿತು. ಮಗು ಹಾಗೇ ಇತ್ತು. ಆಗ ನಮ್ಮೂರಿನದೇ ಹುಡುಗಿ, ಆರೋಗ್ಯ ಕಾರ್ಯಕರ್ತೆ ದೊರಲಿಸಾ ಮಗುವಿನ ರಕ್ತ ತೆಗೆದು ಪಟ್ಟಣಕ್ಕೆ ಕಳಿಸಿದಳು. ಎರಡು ವಾರದ ಮೇಲೆ ಒಂದು ಕಾಗದ ಹಿಡಿದು ಬಂದಳು.

“ಮಾವ, ಮಗು ರಕ್ತದಲ್ಲಿ ಸೀಸ ತುಂಬಾ ಇದೆ. ಇವಳು ಎಲ್ಲಿ ಆಡ್ತಾಳೆ?”

“ಇಲ್ಲೇ, ಅಂಗಳದಲ್ಲಿ. ಗಣಿ ಗುಡ್ಡೆಯಿಂದ ನಲವತ್ತು ಕತ್ತೆ ಹೇರು ಮಣ್ಣು ತಂದು ನಾನೇ ಹಾಸಿದ್ದು. ಹಿಟ್ಟಿನಂಗೆ ನುಣ್ಣಗಿದೆ, ನೋಡು. ಇಂಥ ಅಂಗಳ ಊರಲ್ಲಿ ಇನ್ನೊಂದಿಲ್ಲ!”

ಯೆನಿ ಆ ಹಳದಿ ಮಣ್ಣಿನಲ್ಲಿ ಕೂತು ಬೆರಳು ಚೀಪುತ್ತಿದ್ದಳು.

“ವಿಷ ಆ ಮಣ್ಣಲ್ಲೇ ಇದೆ ಮಾವ. ಹಳ್ಳದ ನೀರಲ್ಲೂ ಇದೆ.”

“ನೀರು ಕಾಯಿಸಿಯೇ ಕೊಡ್ತೀನಲ್ಲಮ್ಮ,” ಎಂದಳು ಇಲಾರಿಯಾ.

“ಕಾಯಿಸಿದ್ರೆ ಕ್ರಿಮಿ ಸಾಯ್ತವೆ ಅತ್ತೆ. ಸೀಸ ಹೋಗಲ್ಲ.”

ಮೆಲ್ಚೋರನಿಗೆ ಸಿಟ್ಟು ಬಂತು. “ಹದಿನೆಂಟು ವರ್ಷ ಆ ಸುರಂಗದಲ್ಲಿ ದುಡಿದವನು ನಾನು. ಮೊನ್ನೆ ಮೊನ್ನೆ ಹುಟ್ಟಿದವಳು ನನಗೇ ಗಣಿ ಪಾಠ ಹೇಳ್ತೀಯಾ?”

“ಪಾಠ ಹೇಳ್ತಿಲ್ಲ, ಕೇಳ್ತಿದೀನಿ. ಒಳಗಿನ ನೀರು ಹೊರಗೆ ಬಿಡೋಕೆ ಯಾವ ಕೊಳವೆ ಹಾಕಿದ್ರಿ?”

“ಮರದ್ದು.”

“ಕಬ್ಬಿಣದ್ದು ಯಾಕೆ ಹಾಕಲಿಲ್ಲ?”

“ಕಬ್ಬಿಣ ಎಲ್ಲಿ ತಡೀತದೆ? ಆರೇ ತಿಂಗಳಲ್ಲಿ ಆ ನೀರು ತಿಂದು ಹಾಕ್ತಿತ್ತು...”

ಮೆಲ್ಚೋರ್ ಮೊಮ್ಮಗಳನ್ನೇ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: “ಕಂಪನಿಯವರಿಗೆ ಗೊತ್ತಿತ್ತು. ಸಾಹೇಬನ ಬಂಗಲೆಗೆ ಕುಡಿಯೋ ನೀರು ಆಚೆ ಕಣಿವೆಯಿಂದ ಬರ್ತಿತ್ತು. ಹೊತ್ತು ತರ್ತಿದ್ದವನೇ ನಾನು. ಯಾಕೆ ಅಂತ ಒಂದು ದಿನಾನೂ ಕೇಳಲಿಲ್ಲ.”

ಅಂದೇ ಅವನು ಅಂಗಳ ಅಗೆದು ಆ ಮಣ್ಣನ್ನು ಗಣಿ ಗುಡ್ಡೆಗೇ ವಾಪಸು ಸಾಗಿಸಲು ನಿಂತ. ದೂಳು ಏಳದಂತೆ ಮೊದಲು ಮಣ್ಣು ನೆನೆಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ದೊರಲಿಸಾ ಹೇಳಿಕೊಟ್ಟಳು. ಮಗುವನ್ನು ಅಷ್ಟೂ ದಿನ ನಮ್ಮ ಮನೆಯಲ್ಲಿ ಇರಿಸಿಕೊಂಡೆವು. ಕುಡಿಯುವ ನೀರನ್ನು ಒಂದು ತಾಸು ನಡೆದು ಆಚೆ ಗುಡ್ಡದ ಊಟೆಯಿಂದ ತಂದೆವು.

ಮರುವಾರ ಇಪ್ಪತ್ತೆರಡು ಜನ ಪಟ್ಟಣದ ಗಣಿ ಇಲಾಖೆ ಕಚೇರಿಗೆ ಇಳಿದೆವು. ಅಧಿಕಾರಿ ತಲೆ ಎತ್ತದೆಯೇ ಹೇಳಿದ: “ಆ ಕಂಪನಿ ಈಗಿಲ್ಲ. ಕಸದ ಮಾಲೀಕರು ಯಾರು ಅಂತ ಗೊತ್ತಾಗೋವರೆಗೆ ನಾವೇನೂ ಮಾಡೋಕಾಗಲ್ಲ.”

ದೊಡ್ಡವರೆದುರು ಎಂದೂ ದನಿ ಎತ್ತದ ಮೆಲ್ಚೋರ್ ಮುಂದೆ ಬಂದ.

“ಬೆಳ್ಳಿಗೆ ಮಾಲೀಕ ಇದ್ದ ಸ್ವಾಮಿ. ಒಂದು ಚೂರು ಅದಿರು ಹೊರಗೆ ಹೋಗ್ತದೇನೋ ಅಂತ ದಿನಾ ಗೇಟಲ್ಲಿ ನಮ್ಮ ಜೇಬು ತಡಕ್ತಿದ್ದ. ಕಸಕ್ಕೆ ಮಾತ್ರ ಮಾಲೀಕ ಇಲ್ವಾ? ಹಾಗಾದ್ರೆ ನನ್ನ ಮೊಮ್ಮಗಳ ರಕ್ತದಲ್ಲಿ ಇರೋದು ಯಾರ ಮಾಲು? ಬರ್ಕೊಳಿ, ನಮ್ಮ ಅರ್ಜಿ ಬರ್ಕೊಳಿ!”

ಅಧಿಕಾರಿ ನಾಳೆ ಬನ್ನಿ ಎಂದ. ನಾವು ಅಲ್ಲಿಂದ ಕದಲಲೇ ಇಲ್ಲ. ಹೆಂಗಸರೆಲ್ಲ ಬಾಗಿಲಲ್ಲೇ ಕೂತು ಉಣ್ಣೆ ನೂಲತೊಡಗಿದೆವು. ಒಳಗೆ ಹೋಗುವವರು, ಹೊರಗೆ ಬರುವವರು ನಮ್ಮನ್ನು ದಾಟಿಯೇ ಹೋಗಬೇಕು. ಮೂರನೆಯ ದಿನ ನಮ್ಮ ಗಣಿ ಸರ್ಕಾರದ ಪಾಳುಗಣಿಗಳ ಪಟ್ಟಿಗೆ ಸೇರಿತು. ಮೊಹರು ಒತ್ತಿದ ಪ್ರತಿ ಇಲಾರಿಯಾಳ ಕೈಗೆ ಬಂತು.

ಆದರೂ ಇಂಜಿನಿಯರ್ ಬರಲು ಹನ್ನೊಂದು ತಿಂಗಳು ಬೇಕಾಯಿತು. ಈಗ ಸುರಂಗದ ನೀರು ಆಮ್ಲ ತಗ್ಗಿಸುವ ಸುಣ್ಣದಕಲ್ಲಿನ ಕಾಲುವೆಯಲ್ಲಿ ಹರಿದು, ಜೊಂಡು ಬೆಳೆಸಿದ ಮೂರು ಕೊಳಗಳಲ್ಲಿ ನಿಂತು ಹಳ್ಳಕ್ಕೆ ಇಳಿಯುತ್ತದೆ. ಕೆಂಪು ಕೆಸರು ಕೊಳದಲ್ಲೇ ತಂಗುತ್ತದೆ. ಮಣ್ಣಿನ ಗುಡ್ಡೆಗೆ ಜೇಡಿ ಹೊದಿಸಿ ಹುಲ್ಲು ನೆಟ್ಟಿದ್ದೇವೆ. ಯೆನಿಯ ರಕ್ತದಲ್ಲಿ ಸೀಸ ಇಳಿಯುತ್ತಿದೆ. ಹೊಟ್ಟೆನೋವು ನಿಂತಿದೆ. ಆದರೆ ಮರೆತ ಮಾತೆಲ್ಲ ಮರಳಿ ಬರುತ್ತದೆಂದು ದೊರಲಿಸಾ ಭರವಸೆ ಕೊಡುತ್ತಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಿನ ಮೇಲೂ ಪಾಳುಬಿದ್ದ ಗಣಿ ಇದೆಯೇ? ಅದರ ನೀರು ಕುಡಿಯಬೇಡಿ, ಕುರಿಗೂ ಕುಡಿಸಬೇಡಿ. ಅದರ ಮಣ್ಣನ್ನು ಮನೆಗೆ ತರಬೇಡಿ. ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ. ಕಚೇರಿಗೆ ಒಬ್ಬರೇ ಹೋಗಬೇಡಿ, ಊರಿಗೆ ಊರೇ ಹೋಗಿ. ಮೊಹರು ಒತ್ತಿದ ಕಾಗದ ಕೈಗೆ ಬರುವ ತನಕ ಅಲ್ಲಿಂದ ಏಳಬೇಡಿ. ತಲೆ ತಗ್ಗಿಸಬೇಕಾದವರು ನೀವಲ್ಲ.