ನಾಲ್ಕಕ್ಕೆ ಮುಕ್ತಾಯ

ಡಿಪ್ಲೊಮಾ ಲ್ಯಾಬಿಗೆಂದು ದಿವ್ಯಾ ಬರೆದ ಕಂಪ್ಯೂಟರ್ ಪ್ರೋಗ್ರಾಮು ಒಂದು ಆಟದ ಬ್ಯಾಂಕು: ಒಂದು ಒತ್ತಿದರೆ ಜಮಾ, ಎರಡಕ್ಕೆ ವಾಪಸು, ಮೂರಕ್ಕೆ ಉಳಿಕೆ, ನಾಲ್ಕಕ್ಕೆ ಮುಕ್ತಾಯ. ಹತ್ತು ಮಾರ್ಕು ಗಿಟ್ಟಿಸುವಷ್ಟೇ ಅದರ ಯೋಗ್ಯತೆ. ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದ ಚಿಕ್ಕಪ್ಪ ರಾಜೀವ್ ಅದನ್ನು ಆಫೀಸಿನ ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದರು.

"ಆಳುಗಳು ನನ್ ಹತ್ರ ಇಟ್ಟ ದುಡ್ಡಿನ ಲೆಕ್ಕ ಅಷ್ಟೂ ಬೆಳಿಗ್ಗೆಯಿಂದ ಕೂತು ಏರಿಸ್ದೆ ಮಾರಾಯ್ತಿ," ಎಂದು ಅವರು ಬೀಗಿದರು.

"ಹಳೇ ಪುಸ್ತಕ?"

"ಗೆದ್ದಲು ಹಿಡಿದಿತ್ತು. ಬಚ್ಚಲೊಲೆಗೆ ಹಾಕ್ದೆ."

ದಿವ್ಯಾ ಥಟ್ಟನೆ ಕಂಪ್ಯೂಟರಿನತ್ತ ತಿರುಗಿದಳು. ಏರಿಸಿದ್ದನ್ನು ಫೈಲಿನಲ್ಲಿ ಉಳಿಸುವಂತೆ ಅವಳು ಮಾಡಿಯೇ ಇರಲಿಲ್ಲ. ಪ್ರೋಗ್ರಾಮು ಮುಚ್ಚಿದರೆ ಖಾತೆಗಳೆಲ್ಲ ಅಳಿಸಿಹೋಗುತ್ತವೆ.

"ಚಿಕ್ಕಪ್ಪಾ, ಅದನ್ನ ಮುಚ್ಬೇಡಿ!"

"ಕೆಲಸ ಮುಗಿದ್ಮೇಲೆ ನಾಲ್ಕು ಒತ್ಬೇಕು ಅಂತ ನೀನೇ ಹೇಳಿದ್ಯಲ್ಲ. ಆಗ್ಲೇ ಒತ್ತಿದೆ."

ಹೊರಗೆ, ಮಗಳ ಬಾಣಂತನಕ್ಕೆಂದು ಕೂಡಿಟ್ಟ ದುಡ್ಡು ಕೇಳಲು ಬಂದ ದ್ಯಾವಮ್ಮ ಮೆಟ್ಟಿಲಲ್ಲಿ ಕಾಲಿನ ಕೆಸರು ಒರೆಸುತ್ತಿದ್ದಳು.