ಅಟ್ಟದ ಮೇಲಿನ ತೊಟ್ಲು

2025ರ ಏಪ್ರಿಲ್ 17, ಗುರುವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ದಂಡಿನಶಿವರದ ರಸ್ತೆಯಲ್ಲಿರುವ ಪರಮೇಶನ ಅಟ್ಟದ ಮೇಲೆ ಎಂಟು ಲ್ಯಾಪ್‌ಟಾಪುಗಳು ಒಂದರ ಹಿಂದೊಂದು ನಿಂತುಹೋದವು. ಯೋಗಿತಾ ಮೌಸನ್ನು ಎಡಕ್ಕೆ ಎಳೆದಳು. ಮಾನಿಟರಿನ ಮೇಲಿನ ಬಾಣ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಬಲಕ್ಕೆ ಹೋಯಿತು. ಆಮೇಲೆ ಎಲ್ಲಿಗೂ ಹೋಗಲಿಲ್ಲ.

ಆ ಅಟ್ಟ ಮೊದಲು ಕೊಬ್ಬರಿ ಅಟ್ಟ. ಪರಮೇಶನ ಅಪ್ಪ ಮರುಳಪ್ಪನವರ ಕಾಲದಲ್ಲಿ ತೆಂಗಿನಕಾಯಿಗಳು ಅಲ್ಲಿ ವರ್ಷವೆಲ್ಲ ಮಲಗಿ, ಒಳಗೇ ಒಣಗಿ, ಉಂಡೆ ಕೊಬ್ಬರಿಯಾಗಿ ಇಳಿಯುತ್ತಿದ್ದವು. ಅಟ್ಟದ ಕಾಯಿಗೆ ಗಾಳಿ ಬೇಕು. ಗಾಳಿ ನಿಂತರೆ ಕೊಬ್ಬರಿ ಮುಗ್ಗಿ ಕೌಟಾಗುತ್ತದೆ. ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಅದು ಗೊತ್ತು. ಹಾಗಾಗಿ ಮರುಳಪ್ಪನವರು ಮೂರು ಗೋಡೆಗೂ ಉದ್ದುದ್ದ ಗಾಳಿಕಿಂಡಿ ಬಿಡಿಸಿದ್ದರು. ಕಾಯಿ ಹೋಗಿ ಹೆಂಗಸರು ಬಂದ ಮೇಲೆ ಮಗ ಆ ಕಿಂಡಿಗಳಿಗೆಲ್ಲ ಪ್ಲೈವುಡ್ ಹೊಡೆಸಿದ. ಹೆಂಚು ಇಳಿಸಿ ನೀಲಿ ತಗಡು ಹೊದಿಸಿದ. ಹೊರಗೆ 'ಪರಮೇಶ್ವರಿ ಡಿಜಿಟಲ್ ಮಂಟಪ' ಎಂದು ಬೋರ್ಡು ಹಾಕಿದ. ಹೆಂಗಸರು ಕೌಟಾಗುವುದಿಲ್ಲ ಎಂಬುದು ಅವನ ಲೆಕ್ಕ.

ಕೆಲಸ ಇಷ್ಟೆ. ಯಾವುದೋ ಊರಿನ ರಸ್ತೆಯ ಫೋಟೋ ಬರುತ್ತದೆ. ಕಾರಿದ್ದರೆ ಕಾರಿನ ಸುತ್ತ, ನಾಯಿಯಿದ್ದರೆ ನಾಯಿಯ ಸುತ್ತ, ಮನುಷ್ಯರಿದ್ದರೆ ಮನುಷ್ಯರ ಸುತ್ತ ಚೌಕ ಎಳೆಯಬೇಕು. ಮುಂದೊಂದು ದಿನ ತಾನೇ ಓಡುವ ಕಾರು ಬಂದಾಗ ಎದುರಿಗಿರುವುದು ಮನುಷ್ಯರೆಂದು ಅದಕ್ಕೆ ತಿಳಿಯಬೇಕಲ್ಲ. ಕಾರಿಗೆ ಅದನ್ನು ಕಲಿಸಲು ಎಂಟು ಜನ ಹೆಂಗಸರಿದ್ದರು. ಪರಮೇಶನಿಗೆ ಕಲಿಸುವವರು ಇನ್ನೂ ಸಿಕ್ಕಿರಲಿಲ್ಲ.

ಅವನು ಧಡಧಡ ಮೆಟ್ಟಿಲು ಹತ್ತಿ ಬಂದ.

"ಯಾರ್ರೇ ಅದು ನಿದ್ದೆ ಹೊಡೀತಿರೋರು? ನನ್ನ ಫೋನಲ್ಲಿ ಎಂಟೂ ಜನದ ಸ್ಪೀಡು ಕೆಂಪು ತೋರಿಸ್ತೈತೆ!"

"ನಾವಲ್ಲ ಸಾರ್, ಲ್ಯಾಪ್‌ಟಾಪು ನಿಂತೈತೆ," ಅಂದಳು ಪಕ್ಕದ ಮೇಜಿನ ಮಧುಶ್ರೀ.

"ಅದ್ಯಾಕೆ ನಿಂತ್ಕತ್ತದೆ? ನಿಮ್ ಕೈ ನಿಂತಿದ್ಕೆ ಅದೂ ನಿಂತೈತೆ. ಎತ್ತು ಮಲಿಕ್ಕಂಡ್ರೆ ತಪ್ಪು ಹೊಡಿಯೋನ್ದು."

"ಎತ್ತು ಮಲಿಕ್ಕಂಡ್ರೆ ಮೊದ್ಲು ನೀರು ಕುಡಿಸ್ತಾರೆ ಸಾರ್."

ಯಾರೋ ಕಿಸಕ್ಕೆಂದರು. ಪರಮೇಶ ಯಾರೆಂದು ನೋಡುವಷ್ಟರಲ್ಲಿ ಯೋಗಿತಾ ಎದ್ದು ನಿಂತಳು. ಅವಳಿಗೆ ಆರು ತಿಂಗಳು. ಎದ್ದು ನಿಲ್ಲುವುದೂ ಒಂದು ಕೆಲಸವೇ.

"ಸಾರ್, ನನ್ನ ಬೆನ್ನ ಹಿಂದಿನ ಗಾಳಿಕಿಂಡಿ ಒಂದಾದ್ರೂ ತೆಗೆಸಿ. ಸೆಕೇಲಿ ಕೂರಬ್ಯಾಡ ಅಂತ ಡಾಕ್ಟ್ರು ಹೇಳವ್ರೆ. ನೆನ್ನೆ ಕಣ್ಣು ಕತ್ತಲೆ ಬಂದೋಯ್ತು."

"ನೋಡಮ್ಮ, ಕಿಂಡಿ ತೆಗುದ್ರೆ ಬಿಸ್ಲು ನೇರ ಮಾನಿಟರ್ ಮೇಲೆ ಬೀಳ್ತದೆ. ಬುಧವಾರ ನಾಲ್ಕು ಗಂಟೆಗೆ ಕಂಪನಿಯೋರು ವಿಡಿಯೋದಲ್ಲಿ ಸೆಂಟರ್ ನೋಡ್ತಾರೆ. ಎಲ್ಲಾ ಬೆಳ್ಳಗೆ ಕಂಡ್ರೆ ಏನು ಮರ್ಯಾದೆ?"

"ಮೇಜು ಈ ಕಡೆ ತಿರುಗಿಸಿದ್ರೆ ಬಿಸ್ಲು ಬೀಳಲ್ಲ ಸಾರ್."

"ತಿರುಗಿಸಿದ್ರೆ ಗೋಡೆ ಮೇಲಿರೋ ನನ್ ಫೋಟೋ ವಿಡಿಯೋದಲ್ಲಿ ಬರಲ್ಲ. ಆಗದಿದ್ರೆ ಮನೇಲಿರು ತಾಯಿ. ಬಾಣಂತನಕ್ಕೆ ಹೋದೋರ ಕುರ್ಚಿ ಖಾಲಿ ಇರೋದು ನಾನೆಲ್ಲೂ ಕಂಡಿಲ್ಲ."

ಯೋಗಿತಾ ಕುಳಿತಳು. ಕುರ್ಚಿ ಬೇಕು, ಗಾಳಿಯೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಅವನು ಹೇಳಿದ್ದ. ಹೊಟ್ಟೆಯೊಳಗಿನ ಕೂಸು ಎರಡನ್ನೂ ಕೇಳುತ್ತಿತ್ತು.

ಮಾರನೆಯ ದಿನ ತಿಪಟೂರಿನಿಂದ ರಿಪೇರಿಯ ಬಾಲರಾಜು ಬಂದ. ಮಾತಿಗೊಂದು ಕುಟುಕು ಇಡುವ ಆಸಾಮಿ. ಬಂದವನೇ ಮೊದಲ ಲ್ಯಾಪ್‌ಟಾಪು ಕಂಡು ಸೊಂಟದ ಮೇಲೆ ಕೈಯಿಟ್ಟ.

"ಇದಕ್ಕೆ ಸ್ವೆಟರ್ ಹಾಕಿರೋರು ಯಾರು ಸಾರ್? ಏಪ್ರಿಲ್‌ನಲ್ಲಿ?"

ಲ್ಯಾಪ್‌ಟಾಪುಗಳೆಲ್ಲ ಮುಚ್ಚಳ ಮುಚ್ಚಿ ಮಾನಿಟರುಗಳ ಕೆಳಗೆ ಕುಳಿತಿದ್ದವು. ಒಂದೊಂದರ ಮೇಲೂ ಉಲ್ಲನ್ನಿನ ಹೊದಿಕೆ, ಹೊದಿಕೆಯ ಮೇಲೆ ಹಂಸ. ಪರಮೇಶನ ತಾಯಿ ಸುವರ್ಣಮ್ಮ ಹೆಣೆದದ್ದು. ಶುಕ್ರವಾರವಾದ್ದರಿಂದ ಆಕೆ ವಿಭೂತಿಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು.

"ಸರಸ್ವತಿ ಕಣಪ್ಪ. ಬರಿ ಮೈಲಿ ಕೂರಿಸಬಾರದು."

"ಈ ಮೂರು ಗೆರೆ?"

"ಹಣೆ ನೋಡಿ ಇಟ್ಟಿದೀನಿ."

ಸುವರ್ಣಮ್ಮ ಹಣೆಯೆಂದು ತಿಳಿದದ್ದು ಲ್ಯಾಪ್‌ಟಾಪಿನ ಹಿಂಬದಿಯ ತೂತುಗಳ ಸಾಲನ್ನು. ಒಳಗಿನ ಫ್ಯಾನು ಬಿಸಿಗಾಳಿ ಬಿಡುವ ದಾರಿಯೇ ಅದು. ವಾರವಾರವೂ ವಿಭೂತಿ ಬಿದ್ದು ಮೂಗು ಮುಚ್ಚಿತ್ತು. ಬಾಲರಾಜು ತಳ ಬಿಚ್ಚಿ ಚಿಮಟದಿಂದ ಎಳೆದ. ಗುಬ್ಬಿಗೂಡಿನಂಥ ಒಂದು ಉಂಡೆ ಬಂತು.

"ತೆಂಗಿನ ನಾರು. ಕೆಳಗೆ ಕಾಯಿ ಸುಲೀತಾರೆ, ದೂಳು ಮೇಲಕ್ ಬತ್ತದೆ, ಹೊರಗ್ ಹೋಗಕ್ಕೆ ಕಿಂಡಿ ಇಲ್ಲ. ಅದರ ಮೇಲೆ ವಿಭೂತಿ ಕೂತು ಗಾರೆ ಆಗೈತೆ."

ಅವನು ಬಿಸಿ ಅಳೆಯುವ ಗನ್ನನ್ನು ಇನ್ನೊಂದು ಲ್ಯಾಪ್‌ಟಾಪಿನೊಳಕ್ಕೆ ಹಿಡಿದ. ತೊಂಬತ್ನಾಲ್ಕು ಡಿಗ್ರಿ.

"ಅಯ್ಯೋ ಪಾಪ!" ಅಂದ ಪರಮೇಶ. ಅವನ ಬಾಯಲ್ಲಿ ಆ ಮಾತು ಬಂದದ್ದನ್ನು ಹೆಂಗಸರು ಅದೇ ಮೊದಲು ಕೇಳಿದ್ದು. ಎಂಟು ಜನವೂ ತಿರುಗಿ ನೋಡಿದರು.

"ಪಾಪಾನೇ. ತನ್ನ ಪುಟ್ಟ ಪರದೆ ಒಂದು ನೋಡ್ಕಂಡಿರಕ್ಕೆ ಮಾಡಿದ್ದು ಇದು. ನೀವು ಉಸಿರು ಕಟ್ಟಿಸಿ ಎರಡೆರಡು ದೊಡ್ಡ ಮಾನಿಟರ್ ತಲೆ ಮೇಲೆ ಹೊರಿಸಿದೀರಿ. ಅದೂ ಈ ಸಂತೆ ಅಡಾಪ್ಟರ್ ಹಾಕಿ. ಚಿತ್ರ ತಳ್ಳೋ ಭಾರಾನೆಲ್ಲ ಇದು ಪ್ರೊಸೆಸರ್ ಮೇಲೇ ಹಾಕ್ತದೆ. ಒಂದೊಂದು ಮಾನಿಟರ್ ತೆಗೀರಿ."

"ಮಾನಿಟರ್ ತೆಗಿಯೋ ಮಾತು ಬ್ಯಾಡ. ನೋಡೋರಿಗೆ ಸೆಂಟರ್ ತುಂಬಿದಂಗೆ ಕಾಣಬೇಕು. ಇದು ಸ್ಲೋ ಆಗೋ ಕಾಯಿಲೆ ವಾಸಿ ಮಾಡು ಸಾಕು."

"ಕಾಯಿಲೆ ಅಲ್ಲ ಸಾರ್, ಬುದ್ಧಿ. ಬಿಸಿ ಮಿತಿ ಮೀರಿದ್ರೆ ಸುಟ್ಟೋಗಬಾರದು ಅಂತ ತನ್ನ ಸ್ಪೀಡು ತಾನೇ ಇಳಿಸ್ಕತ್ತದೆ. ಥ್ರಾಟ್ಲು ಅಂತಾರೆ."

ಕೆಳಗೆ ಕಾಯಿ ಸುಲಿಯುವ ತಿಮ್ಮಕ್ಕ ಎಳನೀರು ಹಿಡಿದು ಆಗಷ್ಟೇ ಮೆಟ್ಟಿಲ ಮೇಲೆ ತಲೆ ಎತ್ತಿದ್ದಳು.

"ಎಂತದು, ತೊಟ್ಲಾ? ಯಾರಿಗವ್ವ ಇಷ್ಟು ಬೇಗ ತೊಟ್ಲು?"

ಎಲ್ಲರ ಕಣ್ಣೂ ಯೋಗಿತಾಳ ಹೊಟ್ಟೆಗೆ ಹೋಯಿತು. ಅಟ್ಟವಿಡೀ ನಕ್ಕಿತು. ಯೋಗಿತಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ನಂಗಲ್ಲ ಕಣಕ್ಕ, ಲ್ಯಾಪ್‌ಟಾಪಿಗೆ. ಸೆಕೆ ಆದ್ರೆ ಅದೇ ತೊಟ್ಲು ಹಾಕ್ಕಂಡು ಮಲಿಕ್ಕತ್ತದಂತೆ."

"ಜಾಣ ಮುಂಡೇದು!" ಅಂದಳು ತಿಮ್ಮಕ್ಕ.

ಯಂತ್ರದ ಸೇವೆಗೆ ಪರಮೇಶ ಟೊಂಕ ಕಟ್ಟಿ ನಿಂತ. ಹಂಸಗಳು ಹಾರಿದವು. ಮುಚ್ಚಳಗಳು ತೆರೆದವು. ತಳಕ್ಕೆ ಗಾಳಿಯಾಡಲೆಂದು ಒಂದೊಂದು ಲ್ಯಾಪ್‌ಟಾಪಿನಡಿ ನಾಲ್ಕು ಕರಟ ಬೋರಲು ಹಾಕಿಸಿದ. ಸಂತೆ ಅಡಾಪ್ಟರ್ ಹೋಗಿ ನೇರ ಕೇಬಲ್ ಬಂತು. ಸೆಕೆಂಡಿಗೆ ನೂರಿಪ್ಪತ್ತು ಸಲ ಬದಲಾಗುತ್ತಿದ್ದ ಚಿತ್ರವನ್ನು ಬಾಲರಾಜು ಅರವತ್ತಕ್ಕೆ ಇಳಿಸಿದ. "ಕೊನೇ ಮಾತು ಸಾರ್, ಗಾಳಿಕಿಂಡಿ ತೆಗೆಸಿ," ಅಂದ. ಅದೊಂದು ಪರಮೇಶನ ಕಿವಿಗೆ ಬೀಳಲಿಲ್ಲ. ಕಿಂಡಿಯ ಬದಲು ನಾಲ್ಕು ಟೇಬಲ್ ಫ್ಯಾನ್ ತರಿಸಿ ಲ್ಯಾಪ್‌ಟಾಪಿನ ಕಡೆಗೆ ಮುಖ ಮಾಡಿಸಿದ. ಫ್ಯಾನಿನ ಗಾಳಿ ಲ್ಯಾಪ್‌ಟಾಪನ್ನು ಸವರಿ, ಅದರ ಬಿಸಿಯನ್ನೆಲ್ಲ ಹೊತ್ತು, ನೇರ ಹೆಂಗಸರ ಹೊಟ್ಟೆಗೆ ಬಡಿಯುತ್ತಿತ್ತು. ಎರಡು ಗಂಟೆಗೊಮ್ಮೆ ಯಂತ್ರಗಳಿಗೆ ಹತ್ತು ನಿಮಿಷ ವಿರಾಮವೂ ಸಿಕ್ಕಿತು. ಆ ಹತ್ತು ನಿಮಿಷ ಹೆಂಗಸರು ಮಾನಿಟರ್ ಒರೆಸಬೇಕಿತ್ತು.

ಬಾಲರಾಜು ಗನ್ನನ್ನು ಅಲ್ಲೇ ಬಿಟ್ಟುಹೋಗಿದ್ದ. ಪರಮೇಶ ಅದನ್ನು ಹಿಡಿದು ಆಸ್ಪತ್ರೆಯ ನರ್ಸಮ್ಮನ ಹಾಗೆ ದಿನಕ್ಕೆ ಮೂರು ಹೊತ್ತು ಮೇಜಿನಿಂದ ಮೇಜಿಗೆ ಓಡಾಡಿದ. ಮಂಗಳವಾರ ಮಧ್ಯಾಹ್ನ ಅವನು ಯೋಗಿತಾಳ ಮೇಜಿಗೆ ಬಂದಾಗ ಅವಳ ತಲೆ ಕೀಬೋರ್ಡಿನ ಮೇಲೆ ಬಿದ್ದಿತ್ತು. ಕಣ್ಣು ಮುಚ್ಚಿತ್ತು. ಕತ್ತಿನಿಂದ ಬೆವರು ಇಳಿಯುತ್ತಿತ್ತು. ಪರಮೇಶ ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪಿಗೆ ಗನ್ನು ಹಿಡಿದ.

"ಐವತ್ತೆಂಟು. ನಾರ್ಮಲ್," ಅಂದು ಮುಂದಿನ ಮೇಜಿಗೆ ಹೋದ.

ಮಧುಶ್ರೀ ಕೂಗಿಕೊಂಡಳು. ನಾಲ್ಕು ಜನ ಸೇರಿ ಯೋಗಿತಾಳನ್ನು ಕೆಳಗಿಳಿಸಿ ಸಿಪ್ಪೆಯ ರಾಶಿಯ ಪಕ್ಕ, ನೆರಳಿನಲ್ಲಿ ಮಲಗಿಸಿದರು. ತಿಮ್ಮಕ್ಕ ಮುಖಕ್ಕೆ ನೀರು ಹೊಡೆದು, ಎಳನೀರು ಕುಡಿಸಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು ಕಾದಳು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಒಂದು ಒದೆ ಬಿತ್ತು.

"ಒದೀತು ಬುಡು," ಅಂದಳು. "ಒದಿಯೋ ಬುದ್ಧಿ ಹೊಟ್ಟೇಲಿರೋದಕ್ಕೈತೆ. ನಿಮಗೇ ಇಲ್ಲ."

ಯೋಗಿತಾ ತೆಂಗಿನ ಗರಿಗಳನ್ನೇ ನೋಡುತ್ತ ಮಲಗಿದ್ದಳು.

"ಅಲ್ಲ ಕಣೇ ಮಧು, ಅದು ನಿಧಾನ ಮಾಡಿದ್ರೆ ಬುದ್ಧಿ. ನಾವು ಮಾಡಿದ್ರೆ ಮೈಗಳ್ಳತನ. ಹೆಂಗೆ?"

"ಅದಕ್ಕೆ ದುಡ್ಡು ಕೊಟ್ಟು ತಂದವ್ನೆ. ಸುಟ್ಟೋದ್ರೆ ಇನ್ನೊಂದು ತರಬೇಕು. ನಾವು ಸುಟ್ಟೋದ್ರೆ ನಮ್ ಕುರ್ಚಿಗೆ ನಮ್ಮೋರೇ ಇನ್ನೊಬ್ರು ಬಿಟ್ಟಿ ಬಂದು ಕೂರ್ತಾರೆ."

"ಹಂಗಾರೆ ನೀವೂ ತೊಟ್ಲು ಹಾಕ್ಕಳ್ರೇ," ಅಂದಳು ತಿಮ್ಮಕ್ಕ, ಇನ್ನೊಂದು ಕಾಯಿಯನ್ನು ಹಾರೆಗೆ ಚುಚ್ಚುತ್ತ.

ಈ ಸಲ ಯಾರೂ ನಗಲಿಲ್ಲ.

ಬುಧವಾರ ಬೆಳಗಿನಿಂದ ಅಟ್ಟದ ಮೇಲೆ ಎಂಟು ತೊಟ್ಟಿಲು ತೂಗಿದವು. ಯಾರೂ ಕೆಲಸ ಬಿಡಲಿಲ್ಲ, ಮಾತಾಡಲಿಲ್ಲ, ಎದ್ದು ಹೋಗಲಿಲ್ಲ. ಕೈ ಮಾತ್ರ ನಿಧಾನವಾಯಿತು. ಇವರು ಒಂದು ಕಾರಿನ ಸುತ್ತ ಚೌಕ ಎಳೆದು ಮುಗಿಸುವಷ್ಟರಲ್ಲಿ ಆ ಕಾರು ತುಮಕೂರು ಮುಟ್ಟಬಹುದಿತ್ತು. ಪರಮೇಶನ ಫೋನು ಕೆಂಪಾಯಿತು. ಅವನು ಗನ್ನು ಹಿಡಿದು ಓಡಿದ. ಐವತ್ತೇಳು. ಐವತ್ತೆಂಟು. ಐವತ್ತೇಳು. ಬಾಲರಾಜುವಿಗೆ ಫೋನು ಹೋಯಿತು. ಅವನು ಮೂರೂವರೆಗೆ ಬಂದು ಕರಟ ಎತ್ತಿ ನೋಡಿದ, ಫ್ಯಾನಿಗೆ ಕಿವಿಗೊಟ್ಟ, ಕೇಬಲ್ ಅಲ್ಲಾಡಿಸಿದ.

"ಯಂತ್ರ ಚೆನ್ನಾಗೈತೆ ಸಾರ್."

"ಮತ್ಯಾಕ್ಲಾ ಸ್ಲೋ? ಇನ್ನರ್ಧ ಗಂಟೇಲಿ ವಿಡಿಯೋ ಬತ್ತದೆ!"

"ತೊಟ್ಲು ಸಾರ್," ಅಂದಳು ಮಧುಶ್ರೀ, ಕಣ್ಣು ಮಾನಿಟರಿನಿಂದ ತೆಗೆಯದೆ. "ಬಿಸಿ ಮಿತಿ ಮೀರೈತೆ. ಸುಟ್ಟೋಗಬಾರದು ಅಂತ ಸ್ಪೀಡು ಇಳಿಸಿದೀವಿ."

ಬಾಲರಾಜು ಕೆಮ್ಮಿದ. ಅದು ಕೆಮ್ಮಲ್ಲ, ನಗು.

"ಎಲ್ರನ್ನೂ ಕಿತ್ತಾಕ್ತೀನಿ!"

"ಹಾಕಿ ಸಾರ್," ಅಂದಳು ಯೋಗಿತಾ. "ನಾಲ್ಕು ಗಂಟೆಗೆ ಕಂಪನಿಯೋರಿಗೆ ಎಂಟು ಖಾಲಿ ಕುರ್ಚಿ, ನಿಮ್ ಫೋಟೋ ತೋರಿಸಿ."

ಅಷ್ಟರಲ್ಲಿ ತಿಮ್ಮಕ್ಕ ಮೇಲೆ ಬಂದಳು. ಕಾಯಿ ಸುಲಿಯುವ ಹಾರೆಯನ್ನೇ ನೆಲದಿಂದ ಕಿತ್ತು ತಂದಿದ್ದಳು. ಯಾರನ್ನೂ ಕೇಳಲಿಲ್ಲ. ಯೋಗಿತಾಳ ಬೆನ್ನ ಹಿಂದಿನ ಪ್ಲೈವುಡ್ಡಿಗೆ ಹಾರೆಯ ಮೊನೆ ಕೊಟ್ಟು, ಕಾಯಿಯ ಸಿಪ್ಪೆಗೆ ಕೊಡುವಂತೆ ಒಂದು ತಿರುವು ಕೊಟ್ಟಳು. ಹಲಗೆ ಕಿರ್ರೆಂದು ಕಳಚಿತು. ಎರಡನೆಯದಕ್ಕೆ ಮಧುಶ್ರೀ ಕೈಹಚ್ಚಿದಳು. ಮೂರನೆಯದಕ್ಕೆ ಎಲ್ಲರೂ. ತೋಟದ ಗಾಳಿ ಒಳಗೆ ನುಗ್ಗಿತು. ಅದರ ಹಿಂದೆಯೇ ಬಿಸಿಲು ಬಂದು ಹದಿನಾರು ಮಾನಿಟರುಗಳನ್ನೂ ಒಂದೇ ಸಲ ಬೆಳ್ಳಗೆ ಮಾಡಿತು.

"ಏನೂ ಕಾಣಲ್ವಲ್ಲೇ!" ಎಂದು ಪರಮೇಶ ಚೀರಿದ.

"ನಾವು ಕಾಣ್ತೀವಲ್ಲ ಸಾರ್," ಅಂದಳು ಯೋಗಿತಾ. ಹೆಂಗಸರು ಮೇಜುಗಳನ್ನು ತಿರುಗಿಸಿದರು. ಬಿಸಿಲು ಮಾನಿಟರಿನ ಬೆನ್ನಿಗೆ ಹೋಯಿತು, ಚಿತ್ರ ಮರಳಿ ಬಂತು. ಗೋಡೆಯ ಮೇಲಿನ ಫೋಟೋ ಮಾತ್ರ ಎಲ್ಲರ ಬೆನ್ನಿಗೆ ಬಿತ್ತು.

ಪರಮೇಶ ಏನು ಮಾಡಬೇಕೋ ತೋಚದೆ, ಅಭ್ಯಾಸಬಲದಿಂದ, ಹತ್ತಿರದ ಲ್ಯಾಪ್‌ಟಾಪಿಗೆ ಗನ್ನು ಹಿಡಿದ. ಐವತ್ತೊಂದು. ಅವನ ಮುಖ ಅರಳಿತು.

"ಇಳೀತಲ್ಲ! ಆಯ್ತು, ಲ್ಯಾಪ್‌ಟಾಪಿಗೋಸ್ಕರ ಕಿಂಡಿ ತೆಗೆದೇ ಇರ್ಲಿ. ಯಂತ್ರಕ್ಕೆ ಒಳ್ಳೇದಾದ್ರೆ ನಂದೇನು ಅಡ್ಡಿ ಇಲ್ಲ. ಕೂರ್ರಿ, ಕೂರ್ರಿ, ಕೆಲಸ ಮಾಡಿ."

ಎಂಟು ಜನವೂ ಕುಳಿತರು. ಕೈ ಮೇಜಿನ ಮೇಲಿತ್ತು. ಮೌಸಿನ ಮೇಲಿರಲಿಲ್ಲ.

"ಯಾರಿಗೋಸ್ಕರ ಸಾರ್?" ಅಂದಳು ಯೋಗಿತಾ.

"ಏನು?"

"ಕಿಂಡಿ ತೆಗೆದಿದ್ದು ಯಾರಿಗೋಸ್ಕರ? ಇವತ್ತು ಲ್ಯಾಪ್‌ಟಾಪಿಗೆ ಅಂತೀರಿ. ಮಳೆಗಾಲದಲ್ಲಿ ಲ್ಯಾಪ್‌ಟಾಪು ತಣ್ಣಗಿರ್ತದೆ, ತಿರುಗಾ ಮೊಳೆ ಹೊಡಿತೀರಿ. ನಮಗೋಸ್ಕರ ಅಂತ ಬಾಯ್ಬುಟ್ಟು ಒಂದು ಮಾತು ಹೇಳಿ. ಕೈ ಹಾಕ್ತೀವಿ."

ಪರಮೇಶ ಗನ್ನನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಯಂತ್ರಕ್ಕೆ ಪಾಪ ಅನ್ನುವುದು ಸುಲಭ; ಯಂತ್ರ ಕೇಳಿಸಿಕೊಳ್ಳುವುದಿಲ್ಲ. ನಾಲ್ಕು ಗಂಟೆಯಾಯಿತು. ಅವನ ಕೈಯಲ್ಲಿ ಫೋನು ಬಡಿದುಕೊಳ್ಳತೊಡಗಿತು, ಕಂಪನಿಯ ವಿಡಿಯೋ. ಹೆಂಗಸರು ಅವನನ್ನೇ ನೋಡುತ್ತಿದ್ದರು. ತಿಮ್ಮಕ್ಕ ಹಾರೆಯನ್ನು ಕಿಂಡಿಗೆ ಒರಗಿಸಿ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತಳು; ಇಳಿದು ಹೋಗುವ ಅವಸರ ಅವಳಿಗಿರಲಿಲ್ಲ. ಪರಮೇಶನ ಹಣೆಯಿಂದ ಬೆವರು ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ಇಳಿಯಿತು.

ಬಾಲರಾಜು ಅವನ ಕೈಯಿಂದ ಗನ್ನು ತೆಗೆದುಕೊಂಡು, ಮೇಲಕ್ಕೆತ್ತಿ, ಪರಮೇಶನ ತಲೆಯ ಮೇಲಿನ ಸೂರಿನ ತಗಡಿಗೆ ಹಿಡಿದ.

ಅರವತ್ತೊಂದು ಡಿಗ್ರಿ. ಲ್ಯಾಪ್‌ಟಾಪಿಗಿಂತ ಹತ್ತು ಹೆಚ್ಚು.