ಚೆಲ್ಲಿದ್ದು ಸೊನ್ನೆ

ಇಲಿಮನೆಯಲ್ಲಿ ಹದಿನೆಂಟು ವರ್ಷ ಕಳೆಯುವಷ್ಟರಲ್ಲಿ ಇಲಿಯಮ್ಮನಿಗೆ ಮನುಷ್ಯರ ಮೇಲಿದ್ದ ಗೌರವವೆಲ್ಲ ಖರ್ಚಾಗಿ ಹೋಗಿತ್ತು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಬಿಳಿ ಇಲಿಗಳಿಗೆ ತಿಂಡಿ ಹಾಕುವುದು, ಮಾರನೆಯ ದಿನ ಬಟ್ಟಲಲ್ಲಿ ಉಳಿದದ್ದನ್ನು ತೂಗುವುದು, ವಾರಕ್ಕೊಮ್ಮೆ ಇಲಿಗಳನ್ನೇ ಎತ್ತಿ ಡಬ್ಬಿಗಿಳಿಸಿ ತೂಗುವುದು, ಎಲ್ಲವನ್ನೂ ಹಾಳೆಯಲ್ಲಿ ಬರೆಯುವುದು ಅವಳ ಕೆಲಸ. ಮೇಲಿನ ಮಹಡಿಗಳಿಂದ ಇಳಿದು ಬರುವ ವಿಜ್ಞಾನಿಗಳು ಬಾಗಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದು, "ಹೇಗಿವೆ?" ಎಂದು ಕೇಳುತ್ತಿದ್ದರು. "ಚೆನ್ನಾಗಿವೆ ಸರ್" ಎನ್ನುತ್ತಿದ್ದಳು. ಬಾಯಲ್ಲಿ ಎಲ್ಲರಿಗೂ ಬಹುವಚನ, ಮನಸ್ಸಿನಲ್ಲಿ ಎಲ್ಲರಿಗೂ ಏಕವಚನ.

ಆ ಏಕವಚನದ ಸಾಲಿನಲ್ಲಿ ಮೊದಲ ಜಾಗ ಅವಳ ಸ್ವಂತ ಭಾವನದು. ಅಕ್ಕನ ಗಂಡ ಅದೇ ಸಂಸ್ಥೆಯ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥ. ಅವಳಿಗೆ ಈ ಕೆಲಸ ಕೊಡಿಸಿದವನೂ ಅವನೇ. ಹದಿನೆಂಟು ವರ್ಷದಲ್ಲಿ ಅದನ್ನು ಮರೆಯಲು ಅವನು ಅವಳನ್ನು ಬಿಟ್ಟಿರಲಿಲ್ಲ. ಆಫೀಸಿನಲ್ಲಿ ಅವಳನ್ನು ಗುರುತಿಲ್ಲದವರಂತೆ "ನೀವು" ಎನ್ನುತ್ತಿದ್ದ. ಭಾನುವಾರ ತನ್ನ ಮನೆಯ ಊಟದ ಮೇಜಿನ ಮುಂದೆ ಮಾತ್ರ "ನಿಮ್ಮಕ್ಕನ ಮುಖ ನೋಡಿ ಅವತ್ತು ನಾನು ಒಂದು ಮಾತು ಹೇಳಿದ್ದಕ್ಕೆ..." ಎಂದು ಶುರುಮಾಡುತ್ತಿದ್ದ. ಅವಳು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ಅಕ್ಕನ ಮನೆ ಮೇಲಿನ ಮಹಡಿ, ಅವಳ ಒಂಟಿ ಮನೆ ಕೆಳಗಿನದು. ಭಾವ ಓಡಾಡಿದರೆ ಅವಳ ಸೂರು ಸದ್ದು ಮಾಡುತ್ತಿತ್ತು.

ಆ ವರ್ಷ ಸಂಸ್ಥೆಯಲ್ಲಿ ಪ್ರೋಟೀನಿನ ಗದ್ದಲ. ಯಾವುದೋ ಕಾಡುಮರದ ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಜನ ಎಸೆಯುತ್ತಾರೆ. ಅದರಿಂದ ಪ್ರೋಟೀನ್ ತೆಗೆದು ಮನುಷ್ಯರ ಊಟಕ್ಕೆ ಸೇರಿಸಬೇಕೆಂದು ಮೂರು ವಿಭಾಗಗಳು ಒಂದಾದವು. ಒಂದಾದವು ಎಂದರೆ, ಒಂದೇ ಮೇಜಿನ ಸುತ್ತ ಕೂತು ಒಬ್ಬರ ಮಾತು ಒಬ್ಬರು ಕೇಳದಿರಲು ಒಪ್ಪಿಕೊಂಡವು.

ಭಾವ ಹಿಂಡಿಯನ್ನು ತೊಳೆದು, ಸೋಸಿ, ಒಣಗಿಸಿ ಬೂದು ಬಣ್ಣದ ಪುಡಿ ಮಾಡಿದ. ಅದರಲ್ಲಿರುವ ಸಾರಜನಕ ಅಳೆದು "ಶೇಕಡಾ ಎಂಬತ್ತೆರಡು ಪ್ರೋಟೀನ್!" ಎಂದು ಸಾರಿದ. ಎರಡನೆಯವನು ಆಣ್ವಿಕ ಜೀವಶಾಸ್ತ್ರದವನು. ಕೈಯಿಂದ ಒಂದು ಲೋಟ ತೊಳೆದವನಲ್ಲ, ಇಡೀ ದಿನ ಕಂಪ್ಯೂಟರಿನ ಮುಂದೆ ಕೂತು ಪ್ರೋಟೀನಿನ ಸುರುಳಿಗಳಿಗೆ ನೀಲಿ, ಕೆಂಪು ಬಳಿಯುತ್ತಿದ್ದ. ಇಲಿಯಮ್ಮ ಅವನಿಗೆ ಬಣ್ಣದ ಮೇಷ್ಟ್ರು ಎಂದು ಹೆಸರಿಟ್ಟಿದ್ದಳು. ಮೂರನೆಯವಳು ಪೌಷ್ಟಿಕತೆ ವಿಭಾಗದ ಮೇಡಂ. ಇಲಿಗಳಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು ಎಂದು ತೀರ್ಮಾನಿಸುವುದು, ವಾರಕ್ಕೊಮ್ಮೆ ಹಾಳೆಗಳಿಗೆ ಸಹಿ ಹಾಕುವುದು ಅವಳ ಪಾಲು. ಫೋನ್ ಕಿವಿಗಿಟ್ಟುಕೊಂಡೇ, ಹಾಳೆಯ ಮೂಲೆ ಮಾತ್ರ ಎತ್ತಿ, ಎಡಗಡೆಯ ಗೋಡೆ ನೋಡುತ್ತಾ ಸಹಿ ಹಾಕುವ ಅವಳ ಕೈಚಳಕವನ್ನು ಇಲಿಯಮ್ಮ ಕೌತುಕದಿಂದ ನೋಡುತ್ತಿದ್ದಳು.

ಹತ್ತು ಇಲಿಗಳಿಗೆ ಹಾಲಿನ ಪ್ರೋಟೀನ್, ಹತ್ತಕ್ಕೆ ಹಿಂಡಿಯ ಪ್ರೋಟೀನ್. ಒಂದೊಂದಕ್ಕೆ ಒಂದೊಂದು ಪಂಜರ, ದಿನಕ್ಕೆ ಹದಿನೈದು ಗ್ರಾಂ ಪುಡಿತಿಂಡಿ. ನಾಲ್ಕು ವಾರ. ಹಾಳೆಯಲ್ಲಿ ಮೂರು ಅಂಕಣ: ಕೊಟ್ಟದ್ದು, ಉಳಿದದ್ದು, ಚೆಲ್ಲಿದ್ದು.

ಹಿಂಡಿಯ ಇಲಿಗಳು ಮೊದಲ ದಿನವೇ ತಮ್ಮ ಅಭಿಪ್ರಾಯ ತಿಳಿಸಿದವು. ಮೂಸಿದವು, ಒಂದು ಚೂರು ನೆಕ್ಕಿದವು, ಆಮೇಲೆ ಮುಂಗಾಲುಗಳಿಂದ ಬಟ್ಟಲಿನ ಪುಡಿಯನ್ನೆಲ್ಲ ಕೆದರಿ ಕೆಳಗೆ ಹಾಸಿದ್ದ ಮರದ ಹೊಟ್ಟಿಗೆ ತೂರಿದವು. ಇಲಿಯಮ್ಮ ಪುಡಿಯನ್ನು ಬೆರಳಿಗೆ ಹಚ್ಚಿ ನಾಲಗೆಗಿಟ್ಟಳು. ನಾಲಗೆ ಅರ್ಧ ಗಂಟೆ ಕಹಿಯಾಗಿತ್ತು. "ಎಂಬತ್ತೆರಡಂತೆ" ಎಂದು ಉಗಿದು ಬಾಯಿ ತೊಳೆದಳು.

ಬೆಳಿಗ್ಗೆ ನೋಡಿದರೆ ಬಟ್ಟಲು ಹೆಚ್ಚುಕಮ್ಮಿ ಖಾಲಿ. ಉಳಿದದ್ದು ಎರಡು ಗ್ರಾಂ. ಚೆಲ್ಲಿದ್ದು ತಿಳಿಯಬೇಕಾದರೆ ಪ್ರತಿ ಪಂಜರದ ಹೊಟ್ಟು ಜರಡಿ ಹಿಡಿಯಬೇಕು, ಹಿಕ್ಕೆ ಆರಿಸಬೇಕು, ಪುಡಿ ಒಣಗಿಸಬೇಕು, ತೂಗಬೇಕು. ದಿನಕ್ಕೆ ಎರಡು ಗಂಟೆಯ ಕೆಲಸ. ಅವಳು ಒಂದು ಗಳಿಗೆ ಜರಡಿ ನೋಡಿದಳು. ಯಾರು ಓದುತ್ತಾರೆ ಈ ಅಂಕಣವನ್ನು? ಹದಿನೆಂಟು ವರ್ಷದಲ್ಲಿ ಒಬ್ಬ ಕತ್ತೆಯೂ ಕೇಳಿಲ್ಲ. 'ಚೆಲ್ಲಿದ್ದು' ಎಂಬಲ್ಲಿ ಸೊನ್ನೆ ಬರೆದಳು. ಮರುದಿನವೂ ಸೊನ್ನೆ. ವಾರದ ಕೊನೆಗೆ ಮೇಡಂ ಗೋಡೆ ನೋಡುತ್ತಾ ಸಹಿ ಹಾಕಿದಳು. ಇಲಿಯಮ್ಮನಿಗೆ ತನ್ನ ಮಾತು ನಿಜವಾಯಿತೆಂಬ ಸಂತೋಷವಾಯಿತು. ಇಪ್ಪತ್ತೆಂಟು ದಿನ, ಸಾಲುಸಾಲು ಸೊನ್ನೆ.

ತಿಂಗಳಾದಾಗ ಹಾಲಿನ ಇಲಿಗಳು ನೂರು ಗ್ರಾಂ ದಾಟಿ ಬೆಳೆದಿದ್ದವು. ಹಿಂಡಿಯವು ಇಪ್ಪತ್ತೂ ಬೆಳೆದಿರಲಿಲ್ಲ, ಬೆನ್ನುಮೂಳೆ ಬೆರಳಿಗೆ ಸಿಗುತ್ತಿತ್ತು. ಹಾಳೆಯ ಪ್ರಕಾರ ಎರಡೂ ಗುಂಪು ತಿಂದದ್ದು ಹೆಚ್ಚುಕಮ್ಮಿ ಒಂದೇ. ಮೇಲಿನ ಮಹಡಿಯಲ್ಲಿ ಸಭೆ ಸೇರಿತು. ಪಂಜರಗಳ ಲೆಕ್ಕ ಓದಿ ಹೇಳಲು ಇಲಿಯಮ್ಮನನ್ನೂ ಕರೆಸಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು.

"ಇಷ್ಟು ತಿಂದೂ ಬೆಳೆದಿಲ್ಲ ಅಂದ್ರೆ ಏನರ್ಥ?" ಭಾವ ಎದ್ದು ನಿಂತ. "ನನ್ನ ಪುಡಿಯಲ್ಲಿ ದೋಷ ಇಲ್ಲ. ಅದರೊಳಗೆ ಬೆಳವಣಿಗೆಯನ್ನೇ ತಡೆಯೋ ಒಂದು ಹೊಸ ಪ್ರೋಟೀನ್ ಅಡಗಿ ಕೂತಿದೆ!"

"ನನಗೂ ಹಾಗೇ ಅನ್ನಿಸಿತ್ತು" ಎಂದ ಬಣ್ಣದ ಮೇಷ್ಟ್ರು. ಅವನಿಗೆ ಯಾವಾಗಲೂ ಹಾಗೇ ಅನ್ನಿಸುತ್ತಿತ್ತು. ಇನ್ನೂ ಯಾರೂ ಕಾಣದ ಆ ಪ್ರೋಟೀನನ್ನು ಆಗಲೇ ಪರದೆಯ ಮೇಲೆ ಕೆಂಪಗೆ ತಿರುಗಿಸಿ ತೋರಿಸಿದ.

"ಅಳತೆಗಳಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಪ್ರತಿ ಹಾಳೆಯನ್ನೂ ನಾನೇ ಪರಿಶೀಲಿಸಿದ್ದೀನಿ" ಎಂದಳು ಮೇಡಂ.

ಇಲಿಯಮ್ಮ ನಗು ತಡೆಯಲು ಕೆಮ್ಮಿದಳು. ಇಷ್ಟಕ್ಕೇ ಮುಗಿದಿದ್ದರೆ ಅವಳು ನೆಲಮಾಳಿಗೆಗೆ ಇಳಿದು, ಇಲಿಗಳ ಮುಂದೆ ಮನಸಾರೆ ನಕ್ಕು ಸುಮ್ಮನಾಗುತ್ತಿದ್ದಳು. ಗಾಳಿಗೋಪುರ ಕಟ್ಟುವವರು ಕಟ್ಟಿಕೊಳ್ಳಲಿ, ಅವಳಿಗೇನು? ಆದರೆ ಭಾವ ಮುಂದುವರಿಸಿದ.

"ಸೋಮವಾರದಿಂದ ಅದೇ ಇಲಿಗಳ ಗಂಟಲಿಗೆ ಕೊಳವೆ ಇಳಿಸಿ ಪುಡಿಯನ್ನ ನೇರ ಹೊಟ್ಟೆಗೆ ಬಿಡೋಣ. ಹತ್ತು ಪಟ್ಟು. ಎರಡು ವಾರದಲ್ಲಿ ಎಷ್ಟು ಸಾಯ್ತವೆ ನೋಡಿದ್ರೆ ರುಜುವಾತು ಆಗುತ್ತೆ." ಆಮೇಲೆ ಅವಳತ್ತ ತಿರುಗಿ, "ನಿಮಗೆ ಕೊಳವೆ ಹಾಕೋದು ಅಭ್ಯಾಸ ಇದೆ ಅಲ್ವಾ?" ಎಂದ.

ಅಭ್ಯಾಸವಿತ್ತು. ಸೋಮವಾರ ಆ ಕೊಳವೆ ಹಿಡಿಯಬೇಕಾದದ್ದು ಅವಳ ಕೈಯೇ.

ಅವಳು ನೆಲಮಾಳಿಗೆಗೆ ಇಳಿದು ಹಿಂಡಿಯ ಇಲಿಗಳ ಪಂಜರಗಳ ಮುಂದೆ ನಿಂತಳು. ಇಲಿಗಳ ಮೇಲೆ ಅವಳಿಗೆ ಮುದ್ದೇನೂ ಇರಲಿಲ್ಲ, ಸಾಯಬೇಕಾದ ದಿನ ಅವನ್ನು ಲೆಕ್ಕವಿಲ್ಲದಷ್ಟು ಸಲ ಕಳಿಸಿದ್ದಳು. ಆದರೆ ತಾನು ಬರೆದ ಸೊನ್ನೆಗಾಗಿ ಹತ್ತು ಬಡಪಾಯಿಗಳ ಗಂಟಲಿಗೆ ಆ ಕಹಿಯನ್ನು ತುರುಕುವುದು? ಆ ಮೂವರು ದಡ್ಡರ ಜತೆ ನಾಲ್ಕನೆಯವಳಾಗಿ ತಾನೂ ನಿಂತಿರುವುದು ಅವಳಿಗೆ ಮುಖಕ್ಕೆ ಹೊಡೆದಂತೆ ಕಂಡಿತು.

ಕೊನೆಯ ವಾರದ ಹೊಟ್ಟು ಇನ್ನೂ ಸುಡಲು ಹೋಗಿರಲಿಲ್ಲ. ಪಂಜರದ ಸಂಖ್ಯೆ ಬರೆದ ಹತ್ತು ಚೀಲಗಳು ಹಿಂಬಾಗಿಲ ಬಳಿ ಬಿದ್ದಿದ್ದವು. ಎರಡು ದಿನ ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಜರಡಿ ಹಿಡಿದಳು. ಹಿಕ್ಕೆ ಆರಿಸಿ, ಪುಡಿಯನ್ನು ಒಲೆಪೆಟ್ಟಿಗೆಯಲ್ಲಿ ಒಣಗಿಸಿ, ತೂಗಿ, ದೊಡ್ಡ ಗಾಜಿನ ಜಾಡಿಗೆ ತುಂಬಿದಳು. ಆ ವಾರ ಹತ್ತು ಇಲಿಗಳಿಗೆ ಹಾಕಿದ್ದು ಸಾವಿರದ ಐವತ್ತು ಗ್ರಾಂ. ಹೊಟ್ಟಿನಲ್ಲಿ ಸಿಕ್ಕಿದ್ದು ಆರುನೂರ ಮೂವತ್ತು.

ಶುಕ್ರವಾರ ಜಾಡಿಯನ್ನು ಸಭೆಯ ಮೇಜಿನ ಮೇಲಿಟ್ಟಳು.

"ಏನಿದು?" ಭಾವ ಹುಬ್ಬೇರಿಸಿದ.

"ಇಲಿಗಳು ತಿಂದವು ಅಂತ ನೀವು ಹೇಳ್ತಿರೋ ಊಟ, ಸರ್. ತಿಂದಿಲ್ಲ. ಕಹಿ ಅಂತ ಕೆದರಿ ಚೆಲ್ಲಿವೆ. ಹಸಿದು ಸೊರಗಿವೆ, ಅಷ್ಟೇ. ಒಳಗೆ ಯಾವ ಹೊಸ ಪ್ರೋಟೀನೂ ಅಡಗಿ ಕೂತಿಲ್ಲ."

ಬಣ್ಣದ ಮೇಷ್ಟ್ರು ಪರದೆಯ ಮೇಲೆ ತಿರುಗುತ್ತಿದ್ದ ಕೆಂಪು ಸುರುಳಿಯನ್ನು ನಿಲ್ಲಿಸಿದ. ಮೇಡಂ ಹಾಳೆಗಳನ್ನು ಎಳೆದುಕೊಂಡು ಮೊದಲ ಸಲ ಓದಿದಳು.

"ಇಲ್ಲಿ ಸೊನ್ನೆ ಅಂತಿದೆಯಲ್ಲ? ದಿನಾ ಸೊನ್ನೆ. ಇದು ನಿಮ್ಮ ಕೈಬರಹ."

"ಹೌದು. ಸುಳ್ಳು ಬರೆದಿದ್ದೀನಿ."

ಯಾರಿಗೂ ಕೋಪ ಬರಲಿಲ್ಲ, ಅದೇ ಅವಳಿಗೆ ಸೋಜಿಗ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾವ ಜಾಡಿಯನ್ನು ಮೆಲ್ಲಗೆ ಮೇಜಿನ ಅಂಚಿಗೆ ಸರಿಸಿ, "ನೀವು ದಣಿದಿದ್ದೀರಿ. ಆಮೇಲೆ ಮಾತಾಡೋಣ" ಎಂದ.

ಆ ಸಂಜೆ, ಇನ್ನೂ ಬೆಳಕಿರುವಾಗಲೇ, ಭಾವ ಅವಳ ಮನೆಗೆ ಬಂದ. ಹದಿನೆಂಟು ವರ್ಷದಲ್ಲಿ ಅವನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಹಿಂದೆಯೇ ಅಕ್ಕನೂ ಬಂದು ಬಾಗಿಲಿಗೆ ಒರಗಿ ನಿಂತಳು.

"ನೋಡಮ್ಮ," ಎಂದು ಭಾವ ದನಿಗೆ ಬೆಣ್ಣೆ ಸವರಿದ, "ಹಾಳೆಯಲ್ಲಿ ಸೊನ್ನೆ ಇದೆ, ಮೇಡಂ ಸಹಿ ಇದೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆ ಜಾಡಿ ಚೆಲ್ಲಿಬಿಡು. ಸುಳ್ಳು ಬರೆದೆ ಅಂತ ನೀನಾಗಿ ಹೇಳಿದ್ರೆ ಮೊದಲು ಹೋಗೋದು ನಿನ್ನ ಕೆಲಸ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಒಳ್ಳೇದಕ್ಕಾ ಭಾವ? ನಿಮ್ಮ ಹೊಸ ಪ್ರೋಟೀನಿಗೆ ನಿಮ್ಮ ಹೆಸರಿಡೋದು ತಪ್ಪಿಹೋಗುತ್ತೆ ಅಂತ ಅಲ್ವಾ?"

"ಬಾಯಿ ಉದ್ದ ಆಯ್ತು ನಿಂದು."

"ಇಲಿ ತಿನ್ನಲಿಲ್ಲ ಅಂದ್ರೆ ತಿನ್ನಲಿಲ್ಲ ಅಂತ ಬರೆಯೋಕೆ ಏನ್ರೀ ಕಷ್ಟ ನಿಮಗೆ?" ಎಂದಳು ಅಕ್ಕ ಬಾಗಿಲಿನಿಂದ. "ನಾನು ಮಾಡಿದ್ದು ಬಾಯಿಗೆ ಹಿಡಿಸದಿದ್ರೆ ನೀವು ತಟ್ಟೆ ಸರಿಸಲ್ವಾ? ಆಗ ಅಡುಗೆಯಲ್ಲಿ ಹೊಸ ವಿಷ ಕಂಡುಹಿಡಿದೆ ಅಂತ ಯಾರಾದ್ರೂ ಹೊಗಳ್ತಾರಾ ನನ್ನ?"

ಭಾವ ದಡದಡ ಮೆಟ್ಟಿಲು ಹತ್ತಿದ. ಇಲಿಯಮ್ಮ ಗೆದ್ದವಳಂತೆ ಅಕ್ಕನ ಕಡೆ ನೋಡಿ, "ಎಂಥ ಮೂರ್ಖರ ಜತೆ ಕೆಲಸ ಮಾಡ್ತಿದೀನಿ ನೋಡು. ಒಬ್ಬರಾದ್ರೂ ಪಂಜರದೊಳಗೆ ಬಗ್ಗಿ ನೋಡಿದ್ರೆ ಗೊತ್ತಾಗ್ತಿತ್ತು" ಎಂದಳು.

ಅಕ್ಕ ನಗಲಿಲ್ಲ. "ಅವರು ನೋಡದೆ ಬರೆದ್ರು. ನೀನು ನೋಡಿಯೂ ಬರೆಯಲಿಲ್ಲ. ಇಬ್ಬರಲ್ಲಿ ಯಾರು ಮೇಲು ಅಂತ ನನ್ನ ಕೇಳಬೇಡ" ಎಂದು ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಆ ಮಾತು ಇಲಿಯಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಯಾರನ್ನಾದರೂ ಬೈದು ಅದನ್ನು ಕಿತ್ತುಹಾಕಲು ನೋಡಿದಳು, ಮೇಡಂ ಸಹಿಯನ್ನು ಬೈದಳು, ಬಣ್ಣದ ಮೇಷ್ಟ್ರ ಸುರುಳಿಯನ್ನು ಬೈದಳು. ಕೊನೆಗೆ ಬೈಯಲು ತಾನೊಬ್ಬಳೇ ಉಳಿದಳು. ಮರುದಿನ ಬೆಳಿಗ್ಗೆ ನಿರ್ದೇಶಕರ ಕೋಣೆಗೆ ಹೋಗಿ ಕಾಗದ ಕೊಟ್ಟಳು. ಇಪ್ಪತ್ತೆಂಟು ದಿನದ ಸೊನ್ನೆಗಳೂ ಸುಳ್ಳು, ಬರೆದವಳು ನಾನು, ಕೊನೆಯ ವಾರದ ನಿಜವಾದ ತೂಕ ಇಷ್ಟು, ಕೊಳವೆ ಹಾಕುವ ಮೊದಲು ದಯವಿಟ್ಟು ಓದಿ, ಎಂದಷ್ಟೇ ಅದರಲ್ಲಿತ್ತು.

ನಿರ್ದೇಶಕ ಎರಡು ಸಲ ಓದಿದ. "ಇದನ್ನ ನೀವು ಕೊಡದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದ. ಅದು ಹೊಗಳಿಕೆಯೋ ಆಕ್ಷೇಪವೋ ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಕೊಳವೆಯ ಪ್ರಯೋಗ ನಿಂತಿತು. ಭಾವ ಪುಡಿಯನ್ನು ಮತ್ತೆರಡು ಸಲ ತೊಳೆದು ಕಹಿ ಇಳಿಸಿದ. ಹೊಸ ಇಲಿಗಳು ಬಂದವು, ಕೆದರಲಾಗದಂಥ ಅಂಚಿನ ಬಟ್ಟಲುಗಳು ಬಂದವು. ಇಲಿಗಳು ತಿಂದವು, ಬೆಳೆದವು, ಹಾಲಿನವುಗಳಿಗಿಂತ ಸ್ವಲ್ಪ ಕಡಿಮೆ. ಹಿಂಡಿಯ ಪ್ರೋಟೀನ್ ಅಮೃತವೂ ಆಗಲಿಲ್ಲ, ವಿಷವೂ ಆಗಲಿಲ್ಲ. ಅಂಥ ಸಪ್ಪೆ ಸತ್ಯದಿಂದ ಮೂರು ವಿಭಾಗಗಳಿಗೂ ಸೂತಕದ ಕಳೆ ಬಂತು. ಬಣ್ಣದ ಮೇಷ್ಟ್ರು ಬೇರೊಂದು ಪ್ರೋಟೀನಿಗೆ ಬಣ್ಣ ಬಳಿಯಲು ಹೋದ. ಮೇಡಂಗೆ ಯಾರೂ ಏನೂ ಕೇಳಲಿಲ್ಲ.

ಸುಳ್ಳು ದಾಖಲೆ ಬರೆದದ್ದಕ್ಕೆ ಇಲಿಯಮ್ಮನನ್ನು ಇಲಿಮನೆಯಿಂದ ತೆಗೆದು ಗಾಜಿನ ಪಾತ್ರೆ ತೊಳೆಯುವ ಕೋಣೆಗೆ ಹಾಕಿದರು. ಅನ್ಯಾಯ ಎಂದು ಕೂಗಾಡಬೇಕೆಂದುಕೊಂಡಳು, ಆದರೆ ಎಷ್ಟು ಹುಡುಕಿದರೂ ಅನ್ಯಾಯ ಸಿಗಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ತರಿಸಿತು. ಬಿಸಿನೀರು, ಸೋಪು, ಉದ್ದ ಕುಂಚ, ಬೆಳಗಿನಿಂದ ಸಂಜೆಯವರೆಗೆ ಕೊರಳು ಸಣ್ಣದಾದ ಗಾಜಿನ ಸೀಸೆಗಳು. ಕೈಚರ್ಮ ಸುಕ್ಕಾಯಿತು.

ಭಾವ ಆರು ತಿಂಗಳು ಮಾತಾಡಲಿಲ್ಲ. ಭಾನುವಾರದ ಊಟಕ್ಕೆ ಅಕ್ಕ ಕರೆಯುವುದನ್ನೂ ಬಿಡಲಿಲ್ಲ, ಅವಳು ಹೋಗುವುದನ್ನೂ ಬಿಡಲಿಲ್ಲ. ಭಾವ ತಟ್ಟೆ ಹಿಡಿದು ಒಳಗಿನ ಕೋಣೆಗೆ ಹೋಗುತ್ತಿದ್ದ. ಒಂದು ಭಾನುವಾರ ಮಾತ್ರ ತಟ್ಟೆಯೊಂದಿಗೆ ಬಂದು ಮೇಜಿಗೇ ಕೂತ. ಅಚ್ಚಾದ ನಾಲ್ಕು ಪುಟಗಳನ್ನು ಅವಳ ಮುಂದೆ ತಳ್ಳಿದ. ಹಿಂಡಿಯ ಪ್ರೋಟೀನಿನ ಲೇಖನ.

ಅವಳು ಕೈ ಒರೆಸಿಕೊಂಡು ಓದಿದಳು. ಮೂರನೆಯ ಪುಟದಲ್ಲಿ ಒಂದು ಸಾಲು: ಮೊದಲ ಪ್ರಯೋಗವನ್ನು ಮಾನವಸಹಜ ದೋಷದಿಂದಾಗಿ ಕೈಬಿಡಲಾಯಿತು.

"ಆ ಸಾಲಿನಲ್ಲಿ ಹೆಸರು ಯಾರದ್ದೂ ಹಾಕಿಲ್ಲ, ನೋಡು" ಎಂದ ಭಾವ, ದೊಡ್ಡ ಉಪಕಾರ ಮಾಡಿದವನಂತೆ. "ನಿನ್ನದೂ ಹಾಕಿಲ್ಲ."

"ನಿಮ್ಮದೂ ಹಾಕಿಲ್ಲ."

ಭಾವ ತಲೆ ತಗ್ಗಿಸಿ ಅನ್ನ ಕಲಸತೊಡಗಿದ.

"ಇರಲಿ ಬಿಡಿ. ಮಾನವಸಹಜ ಅಂತ ಬರೆದಿದ್ದೀರಲ್ಲ" ಎಂದು ಅವಳು ಪುಟಗಳನ್ನು ಮಡಿಸಿ ವಾಪಸು ಕೊಟ್ಟಳು. "ಇಲಿಗಳ ತಪ್ಪಿಲ್ಲ ಅಂತಾದ್ರೂ ಅಚ್ಚಾಯ್ತು."

ಅಕ್ಕ ಫಕ್ಕನೆ ನಕ್ಕು, ನಗುತ್ತಲೇ ಇಬ್ಬರ ತಟ್ಟೆಗೂ ಇನ್ನೊಂದು ಸೌಟು ಬಡಿಸಿದಳು. ಭಾವ ಬೇಡವೆನ್ನಲಿಲ್ಲ.